ಬೇಸರದ ಸಿನಿಮಾಕ್ಕೆ ಒಲಿಂದೊ ಅತ್ತದ್ದು

ಇಟಲಿಯ ಪೋ ನದಿಯ ದಂಡೆಯ ಸಾಂತಾ ಬಿಬಿಯಾನಾ ಊರಿನಲ್ಲಿ ಸೈಕಲ್ ರಿಪೇರಿಯ ಒಲಿಂದೊ ಗರವೆಲ್ಲಿಗೆ ಇದ್ದ ಮರ್ಯಾದೆಯೆಲ್ಲ ಒಂದೇ ಒಂದು ವಾಕ್ಯದಿಂದ ಬಂದದ್ದು. ಆ ವಾಕ್ಯವನ್ನು ಅವನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹೇಳಿದ್ದ. ಆಮೇಲಿನ ಐವತ್ತೆರಡು ವರ್ಷಗಳಲ್ಲಿ ಅಷ್ಟು ತೂಕದ ಇನ್ನೊಂದು ಮಾತು ಅವನ ಬಾಯಿಂದ ಬಂದಿರಲಿಲ್ಲ. ಬರಲಿ ಎಂದು ಯಾರೂ ಕೇಳಿರಲೂ ಇಲ್ಲ.

ವಿಷಯ ಇಷ್ಟೆ. ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ರೋಮಿನಿಂದ ಒಬ್ಬ ನಿರ್ದೇಶಕರು ಬಂದು ಊರಿನ ದೋಣಿಕಟ್ಟೆಯ ಮೇಲೆ ‘ಗುರುವಾರದ ದೋಣಿ’ ಎಂಬ ಸಿನಿಮಾ ತೆಗೆದರು. ಎರಡು ತಿಂಗಳು ಊರಿನ ಅರ್ಧ ಜನ ಕ್ಯಾಮೆರಾದ ಎದುರು ಆ ಕಡೆಯಿಂದ ಈ ಕಡೆಗೆ ನಡೆದು, ದಿನಕ್ಕೊಂದು ಮೊರ್ತದೆಲ್ಲಾ ಎಂಬ ಮಾಂಸದ ಹೋಳು ಹಾಕಿದ ಬ್ರೆಡ್ಡು ತಿಂದರು. ಸಿನಿಮಾ ಮುಗಿದ ಮೇಲೆ ಮೊದಲ ಪ್ರದರ್ಶನ ಊರಿನಲ್ಲೇ ಆಯಿತು. ಮುಂದಿನ ಸಾಲಿನಲ್ಲಿ ನಿರ್ದೇಶಕರು, ಮೇಯರು, ಅವರ ಹೆಂಡಿರು. ಮುಕ್ಕಾಲು ಗಂಟೆ ಕಳೆದರೂ ತೆರೆಯ ಮೇಲೆ ಏನೂ ಆಗಲಿಲ್ಲ. ಆಮೇಲೆ ಬಿಳಿ ಕೋಟಿನ ಹೆಂಗಸೊಬ್ಬಳು ಕಟ್ಟೆಯ ಮೇಲೆ ಬಂದು ನಿಂತು ದೋಣಿಗೆ ಕಾಯತೊಡಗಿದಳು. ಕಾದಳು. ಇನ್ನೂ ಕಾದಳು. ಆಗ ಹಿಂದಿನ ಸಾಲಿನಲ್ಲಿ ಒಲಿಂದೊ ಎದ್ದು ನಿಂತು, ಎರಡೂ ಕೈ ಬಾಯಿಗಿಟ್ಟು ಕೂಗಿದ:

“ಅಮ್ಮಾವ್ರೇ, ದೋಣಿ ಬರಲ್ಲ! ಮನೆಗೆ ಹೋಗ್ರೀ!”

ಚಿತ್ರಮಂದಿರ ಬಿದ್ದುಬಿದ್ದು ನಕ್ಕಿತು. ನಗು ನಿಲ್ಲಲೇ ಇಲ್ಲ. ಮೇಯರು ನಗಬಾರದೆಂದು ತಡೆದುಕೊಂಡು ಕೆಮ್ಮಿದರು, ಕೆಮ್ಮು ಹೆಚ್ಚಾಗಿ ಅವರನ್ನು ಹೊರಗೆ ಕರೆದೊಯ್ಯಬೇಕಾಯಿತು. ನಿರ್ದೇಶಕರು ಹಿಂಬಾಗಿಲಿನಿಂದ ಹೋದರು. ಸಿನಿಮಾವನ್ನು ಅಲ್ಲಿಗೇ ನಿಲ್ಲಿಸಿದರು. ಮುಂದೆ ಅದು ದೇಶವಿದೇಶಗಳಲ್ಲಿ ದೊಡ್ಡ ಹೆಸರು ಮಾಡಿ, ಅದರ ಮೇಲೆ ದಪ್ಪ ದಪ್ಪ ಪುಸ್ತಕಗಳು ಬಂದವು. ಸಾಂತಾ ಬಿಬಿಯಾನಾದವರು ಮಾತ್ರ ಉಳಿದರ್ಧವನ್ನು ನೋಡುವ ಗೋಜಿಗೆ ಹೋಗಲಿಲ್ಲ. ತಮ್ಮ ಊರಿನ ಬೇಸರವನ್ನು ಹೊರಗಿನವರು ದುಡ್ಡು ಕೊಟ್ಟು ನೋಡುತ್ತಾರಲ್ಲ ಎಂದು ಆಡಿಕೊಂಡು ನಗುತ್ತಿದ್ದರು, ಅಷ್ಟೆ.

ಒಲಿಂದೊನ ಮಾತು ಊರಿನ ಮಾತಾಯಿತು. ಪಿಂಚಣಿ ತಡವಾದರೆ “ದೋಣಿ ಬರಲ್ಲ” ಎನ್ನುತ್ತಿದ್ದರು. ಮಗಳಿಗೆ ವರ ಸಿಗದಿದ್ದರೂ ಅದೇ. ಪಾದ್ರಿ ಡಾನ್ ಸೆತ್ತಿಮಿಯೊ ಒಮ್ಮೆ ಪುನರುತ್ಥಾನದ ಬಗ್ಗೆ ಉಪದೇಶ ಮಾಡುತ್ತ “ದೋಣಿ ಬರಲ್ಲ ಅಂದ್ಕೊಂಡಿದ್ದೀರಾ? ಬರುತ್ತೆ!” ಎಂದಿದ್ದರು. ವಾನೆಸ್‌ನ ಬಾರಿನಲ್ಲಿ ವಾರಕ್ಕೊಂದು ಸಲವಾದರೂ ಯಾರಾದರೂ “ಒಲಿಂದೊ, ಸಿನಿಮಾ ತೋರಿಸು” ಎನ್ನುವರು. ಅವನು ಒಂದು ಕುರ್ಚಿಯ ಪಕ್ಕ ನಿಂತು, ಕೋಟಿನ ಕಾಲರು ಎತ್ತಿ, ಎಡಕ್ಕೆ ನೋಡುತ್ತ ಸುಮ್ಮನೆ ನಿಲ್ಲುವನು. ಎರಡು ನಿಮಿಷದ ಮೇಲೆ ಬಲಕ್ಕೆ ನೋಡುವನು. “ಇಂಟರ್ವಲ್!” ಎನ್ನುವನು. ಬಾರು ನಗುವಿನಿಂದ ನಡುಗುತ್ತಿತ್ತು.

ಹೀಗಿರುವಾಗ, ಆ ಸಿನಿಮಾವನ್ನು ಧೂಳು ಒರೆಸಿ, ಗೆರೆ ತೆಗೆದು, ಹೊಸದರಂತೆ ಮಾಡಿದ್ದಾರೆಂದು ಸುದ್ದಿ ಬಂತು. ಪುರಸಭೆಯಲ್ಲಿ ಸಂಸ್ಕೃತಿಯ ಹೊಣೆ ಹೊತ್ತ ಲೊರೆತ್ತಾ ಪಿವಾರಿ ಎಂಬಾಕೆ ತಕ್ಷಣ ಸೈಕಲ್ ತಳ್ಳಿಕೊಂಡು ಒಲಿಂದೊನ ಮನೆಗೆ ಬಂದಳು. ಸೈಕಲ್ಲಿನಲ್ಲಿ ಏನೂ ಕೆಟ್ಟಿರಲಿಲ್ಲ. ಆದರೂ ಮಾತಿಗೆ ಮೊದಲು ಒಲಿಂದೊ ಅದರ ಚೈನಿಗೆ ಎಣ್ಣೆ ಬಿಟ್ಟ.

“ಗರವೆಲ್ಲಿಯವರೇ, ಬರೋ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಚರ್ಚಿನ ಸಭಾಂಗಣದಲ್ಲಿ ತೋರಿಸ್ತೀವಿ. ಟಿವಿಯೋರು ಬರ್ತಾರೆ. ನೀವು ಕೂಗಬೇಕು.”

“ಏನು ಕೂಗಬೇಕು ಮೇಡಂ?”

“ಅದೇ ಕೂಗು. ಅದೇ ಜಾಗದಲ್ಲಿ. ನಾವು ಲೆಕ್ಕ ಹಾಕಿದ್ದೀವಿ, ನಲವತ್ತೇಳನೇ ನಿಮಿಷ.”

ಎರಡು ದಿನದಲ್ಲಿ ಅಚ್ಚಾದ ಕಾರ್ಯಕ್ರಮ ಪಟ್ಟಿಯೂ ಬಂತು. ಅದರಲ್ಲಿ, ಮೇಯರ ಸ್ವಾಗತ ಭಾಷಣದ ಕೆಳಗೆ, ದಪ್ಪ ಅಕ್ಷರಗಳಲ್ಲಿ ಹೀಗಿತ್ತು: “3.47: ಪ್ರೇಕ್ಷಕರಿಂದ ಸ್ವಯಂಪ್ರೇರಿತ ಕೂಗು. ಕೂಗುವವರು: ಶ್ರೀ ಒಲಿಂದೊ ಗರವೆಲ್ಲಿ.”

ಒಲಿಂದೊ ಅದನ್ನು ಗಂಭೀರವಾಗಿಯೇ ತೆಗೆದುಕೊಂಡ. ಹಿತ್ತಲಿನ ಶೆಡ್ಡಿನಲ್ಲಿ ಬೆಳಿಗ್ಗೆ ಸಂಜೆ ಅಭ್ಯಾಸ ನಡೆಯಿತು. ಮೂರನೆಯ ದಿನ ಹೆಂಡತಿ ಅರ್ಜಿಯಾ ಕಿಟಕಿಯಿಂದ ತಲೆ ಹೊರಹಾಕಿದಳು.

“ದೋಣಿ ಬರುತ್ತೋ ಬಿಡುತ್ತೋ, ಕೋಳಿಗಳು ಮೊಟ್ಟೆ ಇಡೋದು ನಿಲ್ಲಿಸಿದಾವೆ. ಸಾಕು ಮಾಡು.”

“ಗಂಟಲು ಏಳ್ತಾ ಇಲ್ಲ ಕಣೆ. ಆವಾಗಿನ ಹಾಗೆ ಬರ್ತಾ ಇಲ್ಲ.”

“ಆವಾಗಿನ ಹಾಗೆ ನಿನಗೆ ಯಾವುದು ಬರ್ತಾ ಇದೆ, ಇದು ಬರೋದಕ್ಕೆ?”

ಭಾನುವಾರ ಸಭಾಂಗಣದಲ್ಲಿ ಇನ್ನೂರು ಕುರ್ಚಿ ಹಾಕಿದ್ದರು, ಇನ್ನೂರೂ ತುಂಬಿದವು. ಸಿನಿಮಾಕ್ಕಾಗಿ ಬಂದವರು ಐದಾರು ಮಂದಿ ಇದ್ದಿರಬಹುದು. ಮಿಕ್ಕವರೆಲ್ಲ ಕೂಗಿಗಾಗಿ ಬಂದವರು. ಒಲಿಂದೊ ಸಾಲಿನ ತುದಿಯಲ್ಲಿ, ಏಳಲು ಅನುಕೂಲವಾಗುವಂತೆ, ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕುಳಿತ. ಅವನ ಹಿಂದೆ ಅರ್ಜಿಯಾಳ ತಂಗಿ, ಇರಿದೆ ಎಂಬಾಕೆ, ಕುಳಿತಿದ್ದಳು. ಅರ್ಜಿಯಾ ಬಂದಿರಲಿಲ್ಲ. ಆ ಕೂಗನ್ನು ವಾರವಿಡೀ ಕೇಳಿ ಅವಳಿಗೆ ಸಾಕಾಗಿತ್ತು.

ಬಿಳಿ ಕೋಟಿನ ಹೆಂಗಸು ಕಟ್ಟೆಯ ಮೇಲೆ ಬಂದಳು. ಸಭಾಂಗಣದಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಟಿವಿಯವನು ಕ್ಯಾಮೆರಾವನ್ನು ತೆರೆಯಿಂದ ಒಲಿಂದೊನ ಕಡೆಗೆ ತಿರುಗಿಸಿದ. ನಲವತ್ತಾರು ಆಯಿತು. ನಲವತ್ತೇಳು ಆಯಿತು. ಪಿವಾರಿ ಗೋಡೆಯ ಪಕ್ಕದಿಂದ ಕೈ ಎತ್ತಿದಳು. ಒಲಿಂದೊ ಏಳಲಿಲ್ಲ. ಎರಡೂ ಕೈ ಎತ್ತಿದಳು. ಇಲ್ಲ. ಬಾಯಿ ತೆರೆದು ಶಬ್ದವಿಲ್ಲದೆ ತಾನೇ ಕೂಗಿ ತೋರಿಸಿದಳು. ನಲವತ್ತೆಂಟು, ನಲವತ್ತೊಂಬತ್ತು, ಐವತ್ತು ದಾಟಿದವು. ಆ ಹೆಂಗಸು ಕಟ್ಟೆಯಿಂದ ಇಳಿದು ಹೋದಳು. ಬಂದವರಿಗೆ ಬೇರೆ ದಾರಿಯಿಲ್ಲದೆ, ಐವತ್ತೆರಡು ವರ್ಷದಲ್ಲಿ ಮೊದಲ ಸಲ, ಊರಿಗೆ ಊರೇ ಆ ಸಿನಿಮಾವನ್ನು ಕೊನೆಯವರೆಗೆ ನೋಡಿತು.

ದೀಪ ಹತ್ತಿದಾಗ ಟಿವಿಯ ಹುಡುಗಿ ಮೈಕು ಹಿಡಿದು ಓಡಿ ಬಂದಳು. “ಕೂಗಲಿಲ್ಲವಲ್ಲ ಸರ್?”

“ಗಂಟಲು ಕೆಟ್ಟಿದೆ” ಎಂದ ಒಲಿಂದೊ, ಮೂಗು ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಗಂಟಲಿನ ಕತೆ ಒಂದು ಗಂಟೆ ನಡೆಯಿತು. ಔಷಧಿ ಅಂಗಡಿಯವಳು ಚೀಪುವ ಗುಳಿಗೆಯನ್ನು ಮನೆಗೇ ಕಳಿಸಿದಳು. ಆದರೆ ಇರಿದೆ ಅಷ್ಟರಲ್ಲಿ ಬಾರಿಗೆ ಹೋಗಿದ್ದಳು.

“ಗಂಟಲಲ್ಲ, ಕಣ್ಣು! ನಾನು ಹಿಂದೇನೇ ಕೂತಿದ್ದೆ. ಅಳ್ತಾ ಇದ್ದ. ಭುಜ ಹೀಗ್ ಹೀಗ್ ಆಗ್ತಾ ಇತ್ತು.”

ಬಾರಿನಲ್ಲಿ ಇಸ್ಪೀಟು ಆಡುತ್ತಿದ್ದವರು ಎಲೆ ಮಡಚಿಟ್ಟರು. ಒಲಿಂದೊ ಅತ್ತದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ. ಸ್ವಂತ ಅಣ್ಣನನ್ನು ಮಣ್ಣು ಮಾಡಿದ ದಿನವೂ ಅವನು ಹೆಣದ ಗಾಡಿಯ ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆಯಿದೆ ಎಂದಷ್ಟೇ ಹೇಳಿದ್ದ.

“ಅವನಿಗೆ ಏನೋ ಕಾಯಿಲೆ” ಎಂದನೊಬ್ಬ.

ವಾನೆಸ್ ಲೋಟ ಒರೆಸುತ್ತ ತಲೆಯಾಡಿಸಿದ. ನಲವತ್ತು ವರ್ಷ ಕುಡುಕರ ಮಾತು ಕೇಳಿದ್ದರಿಂದ ಮನುಷ್ಯನ ಮನಸ್ಸು ತನಗೆ ಗೊತ್ತೆಂದು ಅವನ ನಂಬಿಕೆ. “ಕಾಯಿಲೆಯಲ್ಲ. ಗಂಡಸು ಸಿನಿಮಾ ನೋಡಿ ಅತ್ತ ಅಂದ್ರೆ ಅದರಲ್ಲೊಬ್ಬಳು ಹೆಂಗಸಿರಬೇಕು.”

“ಇದ್ದಾಳಲ್ಲ. ಇರೋದೇ ಅವಳೊಬ್ಬಳು.”

“ಅವಳಲ್ಲವೋ. ಅವಳ ಹಿಂದೆ ಸೈಕಲ್ ಮೇಲೆ ಒಂದು ಹುಡುಗಿ ದಾಟಿ ಹೋದಳಲ್ಲ? ಯಾರು ಅದು? ನಮ್ಮೂರಿನ ಹುಡುಗಿ, ಇಲ್ವಾ ಬೊನಾಗುರೊ! ಮದುವೆಯಾಗಿ ನದಿಯ ಆ ಕಡೆ ಹೋದಳಲ್ಲ. ಈಗ ಗಂಡ ಸತ್ತು ಒಬ್ಬಳೇ ಇದ್ದಾಳೆ. ಸೈಕಲ್ಲು, ಹುಡುಗಿ, ಸೈಕಲ್ ರಿಪೇರಿಯವನು. ಇದಕ್ಕಿಂತ ಇನ್ನೇನು ಬೇಕು?”

ಬೇಕಾಗಿದ್ದು ಇನ್ನೇನೂ ಇರಲಿಲ್ಲ. ಇರಿದೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಅಕ್ಕನ ಮನೆಗೆ ಹೊರಟಳು.

ಆ ಭಾನುವಾರ ಅರ್ಜಿಯಾ ಕುಂಬಳಕಾಯಿ ತುಂಬಿದ ಕಪ್ಪೆಲ್ಲಾಚ್ಚಿ ಎಂಬ ಕಡುಬು ಮಾಡಿದ್ದಳು. ಸೋಮವಾರ ಒಲಿಂದೊನ ತಟ್ಟೆಯಲ್ಲಿ ಬರೀ ಸಾರು ಇತ್ತು. ಮಂಗಳವಾರ ಅದೇ ಸಾರು, ತಣ್ಣಗೆ. ಬುಧವಾರ ಡಾನ್ ಸೆತ್ತಿಮಿಯೊ ಟೈರು ತೂತಾಗಿದೆ ಎಂಬ ನೆಪದಲ್ಲಿ ಶೆಡ್ಡಿಗೆ ಬಂದರು.

“ಒಲಿಂದೊ, ಮನಸ್ಸಲ್ಲಿ ಭಾರ ಏನಾದ್ರೂ ಇದ್ರೆ ಇಳಿಸಿಬಿಡಪ್ಪ.”

“ಇದೆ ಫಾದರ್. ಅದು ಪಾಪ ಹೌದೋ ಅಲ್ವೋ ಅದೇ ತಿಳೀತಿಲ್ಲ.”

“ಅದನ್ನ ನನಗೆ ಬಿಡು. ಯಾವಾಗ ನಡೀತು?”

“ಭಾನುವಾರ. ಮೂರೂಮುಕ್ಕಾಲಿಗೆ.”

ಡಾನ್ ಸೆತ್ತಿಮಿಯೊ ಕಣ್ಣು ಮುಚ್ಚಿಕೊಂಡರು. “ಇಬ್ಬರೇ ಇದ್ರಾ?”

“ಇಲ್ಲ, ಇನ್ನೂರು ಜನ ಇದ್ರು. ನೀವೂ ಇದ್ರಿ.”

ಪಾದ್ರಿಗೆ ಇದು ಅರ್ಥವಾಗಲಿಲ್ಲ. ಪಾದ್ರಿಯ ಮುಖ ನೋಡಿದರೆ ಒಲಿಂದೊಗೆ ಅವರ ಉಪದೇಶ ನೆನಪಾಯಿತು, ಅದರ ಹಿಂದೆ ಇಡೀ ಊರಿನ ನಗು ನೆನಪಾಯಿತು. “ಬೇಡ ಬಿಡಿ ಫಾದರ್. ಟೈರು ಕೊಡಿ” ಎಂದ. ಟೈರಿನಲ್ಲಿ ತೂತು ಇರಲಿಲ್ಲ. ಪಾಪನಿವೇದನೆಯ ಗುಟ್ಟನ್ನು ಕಾಪಾಡುವುದರಲ್ಲಿ ಡಾನ್ ಸೆತ್ತಿಮಿಯೊ ಎಂದೂ ತಪ್ಪಿದವರಲ್ಲ. ಆದರೆ ಅವರು ಶೆಡ್ಡಿನಿಂದ ಹೊರಬಂದಾಗಿನ ಮುಖವನ್ನು ಎದುರುಮನೆಯ ಇರಿದೆ ನೋಡಿದಳು, ಸಾಲದೆ?

ಅದೇ ದಿನ ಪುರಸಭೆಯಿಂದ ಒಂದು ಪತ್ರವೂ ಬಂತು. ಕಾರ್ಯಕ್ರಮ ಪಟ್ಟಿಯಲ್ಲಿ ನಮೂದಿಸಿದ ಸ್ವಯಂಪ್ರೇರಿತ ಕೂಗು ನಿಗದಿತ ಸಮಯದಲ್ಲಿ ನಡೆಯದೆ ಇರುವುದಕ್ಕೆ ಲಿಖಿತ ವಿವರಣೆ ಕೊಡಬೇಕು ಎಂದು ಅದರಲ್ಲಿತ್ತು. ಕೆಳಗೆ ಪಿವಾರಿಯ ಸಹಿ, ಮೊಹರು.

ಊಟದ ಹೊತ್ತಿಗೆ ಅರ್ಜಿಯಾ ತಣ್ಣನೆಯ ಸಾರನ್ನು ಮೇಜಿನ ಮೇಲೆ ಕುಕ್ಕಿದಳು.

“ಆ ಇಲ್ವಾನಾ?”

ಒಲಿಂದೊಗೆ ಮೊದಲು ಯಾವ ಇಲ್ವಾ ಎಂದೇ ತಿಳಿಯಲಿಲ್ಲ. ತಿಳಿದ ಮೇಲೆ, ಮುಳುಗುವವನಿಗೆ ಹಲಗೆ ಸಿಕ್ಕಂತಾಯಿತು. ನಿಜವಾದ ಕಾರಣ ಹೇಳಿದರೆ ಐವತ್ತೆರಡು ವರ್ಷದ ಮರ್ಯಾದೆ ಹೋಗುತ್ತಿತ್ತು. ಇಲ್ವಾಳ ಹೆಸರು ಹೇಳಿದರೆ ಹೋಗುವುದು ಸಂಸಾರದ ನೆಮ್ಮದಿಯೊಂದೇ, ಅದೂ ಕೆಲವು ದಿನ. ಹೆಚ್ಚು ಯೋಚಿಸುವ ಅಭ್ಯಾಸವಿಲ್ಲದ ಮನುಷ್ಯ ಒಮ್ಮೊಮ್ಮೆ ಯೋಚಿಸಿದರೆ ಹೀಗೇ ಆಗುತ್ತದೆ.

“ಹೌದು” ಎಂದ. “ಅವಳೇ.”

ಅರ್ಜಿಯಾ ಚಮಚ ಕೆಳಗಿಟ್ಟಳು. ಅಳಲಿಲ್ಲ, ಕೂಗಲಿಲ್ಲ. ಮಾರನೆಯ ಬೆಳಿಗ್ಗೆ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು, ಸೇತುವೆ ದಾಟುವ ಎಂಟೂವರೆಯ ಬಸ್ಸು ಹತ್ತಿದಳು. ಒಲಿಂದೊ ಬಾಗಿಲಲ್ಲಿ ನಿಂತು ಬಸ್ಸು ಹೋಗುವುದನ್ನು ನೋಡಿದ. ಆಗ ಅವನಿಗೆ ಹೆದರಿಕೆಯಾಯಿತು. ಮದುವೆಯಾದ ನಲವತ್ತೊಂಬತ್ತು ವರ್ಷದಲ್ಲಿ ಅವಳು ಎಲ್ಲಿಗೆ ಹೋಗುತ್ತೇನೆಂದು ಹೇಳದೆ ಹೋದದ್ದು ಅದೇ ಮೊದಲು. ಬೆಳಗಿನ ಕೆಲಸವೆಲ್ಲ ತಪ್ಪಿತು. ಒಬ್ಬ ಹೆಂಗಸಿನ ಸೈಕಲ್ಲಿಗೆ ಮಕ್ಕಳ ಸೈಕಲ್ಲಿನ ಸೀಟು ಹಾಕಿದ. ಕೊನೆಗೆ ಮನೆಯಲ್ಲಿ ಕೂರಲಾಗದೆ ಬಾರಿಗೆ ಹೋದ.

ಬಾರಿನಲ್ಲಿ ಅವನನ್ನು ಹೊಸ ಮರ್ಯಾದೆಯಿಂದ ಕಂಡರು. ವಾನೆಸ್ ಕೇಳದೆಯೇ ಲಂಬ್ರೂಸ್ಕೊ ವೈನು ಸುರಿದ. “ಐವತ್ತೆರಡು ವರ್ಷ ಬಾಯಿ ಬಿಡಲಿಲ್ಲವಲ್ಲೋ! ನಾನಾಗಿದ್ರೆ ಎರಡು ದಿನಕ್ಕೇ ಎಲ್ಲರಿಗೂ ಹೇಳಿಬಿಡ್ತಿದ್ದೆ.”

ಹನ್ನೊಂದರ ಬಸ್ಸು ಬಾರಿನ ಎದುರು ನಿಂತಿತು. ಅದರಿಂದ ಅರ್ಜಿಯಾ ಇಳಿದಳು. ಅವಳ ಹಿಂದೆ, ಕೋಲೂರಿಕೊಂಡು, ತುಟಿಗೆ ಬಣ್ಣ ಹಚ್ಚಿದ ಇನ್ನೊಬ್ಬ ಮುದುಕಿ ಇಳಿದಳು. ಇಬ್ಬರೂ ಬಾರಿಗೆ ಬಂದರು. ಇಸ್ಪೀಟಿನವರು ಗೋಡೆಗೆ ಒತ್ತಿಕೊಂಡರು.

“ಇವನಾ?” ಎಂದು ಕೇಳಿದಳು ಇಲ್ವಾ.

“ಇವನೇ” ಎಂದಳು ಅರ್ಜಿಯಾ.

ಇಲ್ವಾ ಕನ್ನಡಕ ಸರಿಮಾಡಿಕೊಂಡು ಒಲಿಂದೊನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ನೆನಪಾಯ್ತು. ನನ್ನ ಸೈಕಲ್ಲನ್ನ ನೀನು ಬ್ರೇಕು ಸರಿಮಾಡಿದೀನಿ ಅಂತ ಹೇಳಿ ಕೊಟ್ಟಿದ್ದೆ. ನಾನು ಏರಿಯಿಂದ ನೆಟ್ಟಗೆ ಕಾಲುವೆಗೆ ಹೋಗಿ ಬಿದ್ದೆ. ಅದೇನಾ ನಿನ್ನ ಪ್ರೀತಿ?”

ಯಾರೂ ನಗಲಿಲ್ಲ, ನಗಬಹುದೋ ಇಲ್ಲವೋ ಗೊತ್ತಾಗಲಿಲ್ಲ.

“ಇನ್ನೊಂದು ಮಾತು. ಸಿನಿಮಾ ತೆಗೆದಾಗ ನಾನು ಕೆಪ್ಪಟ್ರಾಯ ಆಗಿ ಮುಖ ಊದಿಸ್ಕೊಂಡು ಹಾಸಿಗೆಯಲ್ಲಿ ಮಲಗಿದ್ದೆ. ಆ ಸೈಕಲ್ ಮೇಲೆ ಹೋದೋಳು ರೋಮಿನಿಂದ ಬಂದ ಯಾವಳೋ. ನನ್ನ ಸೈಕಲ್ಲು, ಅವಳ ಕಾಲು. ಈಗ ಹೇಳು, ನೀನು ಅತ್ತಿದ್ದು ಯಾರನ್ನ ನೋಡಿ? ಸೈಕಲ್ಲನ್ನಾ?”

ವಾನೆಸ್ ಕೈಯಲ್ಲಿದ್ದ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಅತ್ತ ತಿರುಗಿದ. ಅರ್ಜಿಯಾ ಗಂಡನ ಎದುರು ಬಂದು ನಿಂತಳು. ಅವಳ ದನಿ ಸಣ್ಣಗಿತ್ತು.

“ಸುಳ್ಳು ಹೇಳ್ದೆ. ಅದೂ ಇಂಥ ಸುಳ್ಳು. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ನಾನು. ನಿಜ ಏನು?”

ಒಲಿಂದೊ ಬಾರಿನ ಸುತ್ತ ನೋಡಿದ. ಹದಿನಾಲ್ಕು ಜನ ಅವನ ಬಾಯಿಯನ್ನೇ ನೋಡುತ್ತಿದ್ದರು. ಮತ್ತೆ ಹೆಂಡತಿಯ ಕಡೆ ನೋಡಿದ. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು.

“ಸಿನಿಮಾ ಹಿಡಿಸ್ತು” ಎಂದ.

“ಏನು?”

“ಸಿನಿಮಾ. ಚೆನ್ನಾಗಿದೆ. ನನಗೆ ಹಿಡಿಸ್ತು.”

ವಾನೆಸ್ ಕುರ್ಚಿ ಎಳೆದು ಕುಳಿತುಬಿಟ್ಟ. “ಒಲಿಂದೊ, ಹೆಂಗಸಿನ ವಿಷಯ ಆಗಿದ್ರೆ ನಾವೆಲ್ಲ ಅರ್ಥ ಮಾಡ್ಕೋತಿದ್ವಿ” ಎಂದ. ಅವನ ದನಿಯಲ್ಲಿ ನಿಜವಾದ ದುಃಖವಿತ್ತು. “ಇಷ್ಟು ವರ್ಷ ನಮ್ಮನ್ನ ನಗಿಸಿ ನಗಿಸಿ, ಈಗ ಚೆನ್ನಾಗಿದೆ ಅಂದ್ರೆ? ನಾವು ನಕ್ಕಿದ್ದನ್ನೆಲ್ಲ ಏನು ಮಾಡೋದು?”

“ಅದು ನನಗೂ ಗೊತ್ತಿಲ್ಲಪ್ಪ.”

“ಏನು ಚೆನ್ನಾಗಿತ್ತು ಅದರಲ್ಲಿ?” ಎಂದು ಅರ್ಜಿಯಾ ಕೇಳಿದಳು.

ಒಲಿಂದೊ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಸೈಕಲ್ಲಿನ ಬಗ್ಗೆ ಕೇಳಿದ್ದರೆ ಸರಾಗವಾಗಿ ಹೇಳುತ್ತಿದ್ದ. “ಆವಾಗ ಅವಳು ಒಂದು ಗಂಟೆ ನಿಂತ ಹಾಗಿತ್ತು ಕಣೆ. ತಡೆಯೋಕಾಗದೆ ಕೂಗಿದೆ. ಈ ಸಲ ಗಡಿಯಾರ ನೋಡ್ತಾನೇ ಇದ್ದೆ. ಕೂಗೋಣ ಅಂತ ಅವಳ ಕಡೆ ನೋಡಿದೆ. ಅವಳು ಚಳಿಗೆ ಒಂದು ಕೈ ಬಗಲಲ್ಲಿ ಇಟ್ಕೊಂಡಿದ್ಲು, ನೀರು ನೋಡ್ತಿದ್ಲು. ಅಷ್ಟೇ. ಆಮೇಲೆ ನೋಡಿದ್ರೆ ಅವಳಿಲ್ಲ. ನಾಲ್ಕು ನಿಮಿಷ ಆಗಿಹೋಗಿತ್ತು. ನಾಲ್ಕು ನಿಮಿಷ! ಇಷ್ಟು ಬೇಗ ಮುಗಿದುಹೋಯ್ತಲ್ಲ ಅಂತ...” ಅವನು ನಿಲ್ಲಿಸಿದ. “ಸ್ವಲ್ಪ ಇರಬಾರದಿತ್ತಾ ಅನ್ನಿಸ್ತು. ಅಷ್ಟಕ್ಕೇ ಅಳು ಬಂತು.”

ಇಲ್ವಾ ಲಂಬ್ರೂಸ್ಕೊ ಲೋಟವನ್ನು ಅವನ ಎದುರಿನಿಂದ ತೆಗೆದುಕೊಂಡು ತಾನೇ ಕುಡಿದಳು. “ಒಂದು ಮಾತು ಹೇಳಲಾ? ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ. ಇದಕ್ಕೋಸ್ಕರ ನಾನು ತುಟಿಗೆ ಬಣ್ಣ ಬೇರೆ ಹಚ್ಕೊಂಡು ಬಂದೆ.”

ಅಂದು ಮಧ್ಯಾಹ್ನದ ಸಾರು ಬಿಸಿಯಾಗಿತ್ತು.

ಪುರಸಭೆಗೆ ಉತ್ತರ ಬರೆಯುವುದೊಂದು ಉಳಿದಿತ್ತು. ಒಲಿಂದೊ ರಸೀತಿ ಪುಸ್ತಕದಿಂದ ಒಂದು ಹಾಳೆ ಹರಿದು ಬರೆದ: “ಮಾನ್ಯರೇ, ಕೂಗಿನಲ್ಲಿ ಹೇಳಬೇಕಾಗಿದ್ದ ವಿಷಯ ಸುಳ್ಳೆಂದು ತಿಳಿದುಬಂದಿದೆ. ದೋಣಿ ಬರುತ್ತದೆ. ಸಿನಿಮಾದ ಕೊನೆಯಲ್ಲಿ ಬರುತ್ತದೆ. ಆದ್ದರಿಂದ ಮುಂದೆಯೂ ಕೂಗಲು ಆಗುವುದಿಲ್ಲ. ಇತಿ, ಗರವೆಲ್ಲಿ.”

ಪಿವಾರಿ ಈ ಕಾಗದವನ್ನು ಓದಿ, ತಲೆ ಕೆರೆದುಕೊಂಡು, ಮೇಯರಿಗೆ ತೋರಿಸಿದಳು. ಮೇಯರು, “ದೋಣಿ ಬಂತಾ? ಯಾವಾಗ ಬಂತು?” ಎಂದು ಕೇಳಿದರು. ಕೂಗು ತಪ್ಪಿದ ಗಡಿಬಿಡಿಯಲ್ಲಿ ಪಿವಾರಿಯೂ ನೋಡಿರಲಿಲ್ಲ. ವಿಚಾರಿಸಿದರೆ ಊರಿನಲ್ಲಿ ಅರ್ಧದಷ್ಟು ಜನ ಬಂತು ಎಂದರು, ಅರ್ಧದಷ್ಟು ಜನ ಇಲ್ಲ ಎಂದರು. ಎಲ್ಲರೂ ಒಲಿಂದೊನ ಬೆನ್ನನ್ನು ನೋಡುತ್ತ ಕುಳಿತವರೇ. ಸಿನಿಮಾದ ಪೆಟ್ಟಿಗೆ ಮುಂದಿನ ಸೋಮವಾರ ವಾಪಸು ಹೋಗಬೇಕಿತ್ತು. ಹೀಗಾಗಿ ಭಾನುವಾರ ಇನ್ನೊಂದು ಪ್ರದರ್ಶನ ಗೊತ್ತಾಯಿತು. ಕಾರ್ಯಕ್ರಮ ಪಟ್ಟಿಯಲ್ಲಿ ಈ ಸಲ “ಪರಿಶೀಲನೆ” ಎಂದು ಬರೆದಿತ್ತು.

ಪರಿಶೀಲನೆಗೆ ಬಂದವರು ಹತ್ತೊಂಬತ್ತು ಜನ. ವಾನೆಸ್ ಬರಲಿಲ್ಲ, ಅವನಿಗೆ ಇನ್ನೂ ನೋವು ಆರಿರಲಿಲ್ಲ. ಅರ್ಜಿಯಾ ಬಂದಳು. ಚರ್ಚಿಗೆ ಹೋಗುವ ಕೋಟಿನಲ್ಲಿ ಒಲಿಂದೊನ ಪಕ್ಕ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಳ್ಳನನ್ನು ಗುರುತಿಸಲು ಠಾಣೆಗೆ ಬಂದವಳ ಹಾಗೆ ತೆರೆಯನ್ನು ನೋಡಿದಳು. ದೋಣಿ ಬಂತು. ಬಿಳಿ ಕೋಟಿನ ಹೆಂಗಸು ಅದನ್ನು ನೋಡಿದಳು. ಹತ್ತಲಿಲ್ಲ. ದೋಣಿ ವಾಪಸು ಹೋಯಿತು, ಮಂಜು ಕವಿಯಿತು, ಮುಗಿಯಿತು. ಪಿವಾರಿ ಗಡಿಯಾರ ನೋಡಿ ಪುಸ್ತಕದಲ್ಲಿ ಸಮಯ ಬರೆದುಕೊಂಡಳು.

ಹೊರಗೆ ನಾಲ್ಕೂವರೆಗೇ ಮಂಜು ಇಳಿದಿತ್ತು. ಗಂಡ ಹೆಂಡತಿ ನದಿಯ ಏರಿಯ ಮೇಲೆ ಮನೆಯ ಕಡೆ ನಡೆದರು. ಒಲಿಂದೊ ಅರ್ಜಿಯಾಳ ಮುಖವನ್ನು ಕದ್ದು ಕದ್ದು ನೋಡುತ್ತಿದ್ದ.

“ಏನೇನೂ ಚೆನ್ನಾಗಿಲ್ಲ” ಎಂದಳು ಕೊನೆಗೆ.

“ಹೌದಾ.”

“ಅಷ್ಟು ಒಳ್ಳೇ ಕೋಟು, ಗುಂಡಿ ಹಾಕ್ಕೊಳಕ್ಕೆ ಏನಾಗಿತ್ತು ಅವಳಿಗೆ? ಶೀತ ಆಗಲ್ವಾ? ಅಷ್ಟು ಹೊತ್ತು ಕಾದು, ದೋಣಿ ಬಂದ ಮೇಲೆ ಹತ್ತಲ್ಲ ಅಂದ್ರೆ! ದೋಣಿಯೋನ ಮುಖ ನೋಡಿದ್ಯಾ ನೀನು? ಆ ಮನುಷ್ಯ ಅವಳೊಬ್ಬಳಿಗೋಸ್ಕರ ನದಿ ದಾಟಿ ಬಂದಿದ್ದ.”

“ದೋಣಿಯೋನನ್ನ ನಾನು ನೋಡಲಿಲ್ಲ.”

“ಅಳೋದ್ರಲ್ಲೇ ಇದ್ದೆ, ನೋಡೋದು ಎಲ್ಲಿಂದ? ಅವನು ಹಗ್ಗ ಎಸೆದ, ಅವಳು ಹಿಡೀಲಿಲ್ಲ. ಅವನೇ ಮತ್ತೆ ಸುತ್ತಿಕೊಂಡ. ಎಷ್ಟು ನಿಧಾನ ಸುತ್ತಿದ!”

“ಅವಳಿಗೆ ಹೋಗೋ ಮನಸ್ಸೇ ಇರಲಿಲ್ಲ ಅಂತ ಕಾಣುತ್ತೆ. ಬರೀ ಕಾಯೋದಕ್ಕೇ ಬಂದಿದ್ಲೇನೋ.”

“ಹಾಗಿದ್ರೆ ಮೊದಲೇ ಹೇಳಬೇಕಿತ್ತು.”

“ಯಾರಿಗೆ?”

“ದೋಣಿಯೋನಿಗೆ! ನೀನು ಅವಳ ಕಡೆಯೇ ಮಾತಾಡ್ತೀಯಲ್ಲ. ಅಲ್ಲ, ಅವನು ಹಗ್ಗ ಸುತ್ತೋವಾಗ ಅವಳು ಒಂದು ಸಲ ಕೈ ಮುಂದೆ ಮಾಡಿದ್ಲೋ ಇಲ್ಲವೋ?”

“ಮಾಡಿದ್ಲು.”

“ಮಾಡಲಿಲ್ಲ!”

ಏರಿಯ ಕೆಳಗಿನ ಮನೆಯ ಅಡುಗೆಮನೆಯ ಕಿಟಕಿಯಲ್ಲಿ ಇರಿದೆ ನಿಂತಿದ್ದಳು. ಅಕ್ಕ ಭಾವ ಮಂಜಿನಿಂದ ಕಾಣಿಸಿಕೊಂಡರು, ತಮ್ಮ ಮನೆಯ ಗೇಟಿನ ಹತ್ತಿರ ಬಂದರು. ಅಕ್ಕ ಕೈ ಬೀಸಿ ಏನೋ ಹೇಳುತ್ತಿದ್ದಳು. ಭಾವ ಟೋಪಿ ತೆಗೆದು, ಅದನ್ನೇ ಹಗ್ಗದಂತೆ ತಿರುಗಿಸಿ ಏನೋ ತೋರಿಸುತ್ತಿದ್ದ. ಇಬ್ಬರೂ ಗೇಟಿನ ಕಡೆ ತಿರುಗಿಯೂ ನೋಡದೆ, ಅದನ್ನು ದಾಟಿ, ಮುಂದಕ್ಕೆ, ಮಂಜಿನೊಳಕ್ಕೆ ನಡೆದುಹೋದರು.

ಇರಿದೆ ಓಡಿಹೋಗಿ ಫೋನೆತ್ತಿದಳು.

“ವಾನೆಸ್, ಇರಿದೆ ಮಾತಾಡ್ತಿರೋದು. ಇನ್ನು ಏನೂ ಮಾಡೋ ಹಾಗಿಲ್ಲಪ್ಪ. ಅಕ್ಕನಿಗೂ ತಗುಲಿಕೊಂಡಿದೆ.”